ಕೈಯಿಂದ ಕಲಿತವರು: ಜಿ.ಡಿ. ನಾಯ್ಡು

ಕೊಯಮುತ್ತೂರು ಜಿಲ್ಲೆಯ ಪೊಳ್ಳಾಚಿಯ ಸಮೀಪ ನೆಗಮಂ ಎಂಬ ಸಣ್ಣ ಪೇಟೆಯಿದೆ. ನೂಲಿನ ಸೀರೆಗಳಿಂದ ಹೆಸರಾದ ಊರು ಅದು. ಆ ಸೀಮೆಯಲ್ಲಿ ಮಗ್ಗ ಹಿಡಿದು ಬಾಳಿದ ದೇವಾಂಗ ಕುಟುಂಬಗಳಲ್ಲಿ ಕನ್ನಡ ಮನೆಮಾತಾಗಿ ಉಳಿದುಬಂದಿದೆ. ಪೇಟೆಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ, ಗುಡಿಯಲ್ಲಿ ಚೌಡೇಶ್ವರಿ. ಬೀದಿಗೊಂದು ಭಾಷೆ, ಮನೆಗೊಂದು ಭಾಷೆ ಎಂದು ಬೆಳೆದ ಕಾಸರಗೋಡಿನ ನಮಗೆ ಇದು ಅಪರಿಚಿತವಾದ ಬಾಳಲ್ಲ.

ಅದೇ ಸೀಮೆಯಲ್ಲಿ, ಸೂಲೂರಿನ ಬಳಿಯ ಕಲಂಗಲ್ ಎಂಬ ಹಳ್ಳಿಯಲ್ಲಿ, ತೆಲುಗು ಮನೆಮಾತಿನ ಒಂದು ಬೇಸಾಯದ ಕುಟುಂಬದಲ್ಲಿ 1893ರ ಮಾರ್ಚ್ 23ರಂದು ಒಂದು ಗಂಡುಮಗು ಹುಟ್ಟಿತು. ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು ಎಂದು ಹೆಸರು. ಮುಂದೆ ಇಡೀ ದೇಶ ಅವರನ್ನು ಜಿ.ಡಿ. ನಾಯ್ಡು ಎಂದು ಕರೆಯಿತು. ಭಾರತದ ಎಡಿಸನ್ ಎಂಬ ಬಿರುದೂ ಬಂತು. ನಮ್ಮ ಶಾಲಾಪುಸ್ತಕಗಳಲ್ಲಿ ಜೇಮ್ಸ್ ವಾಟನ ಕೆಟಲಿನ ಕಥೆಯನ್ನು ಓದಿದ ಮಕ್ಕಳು ನಾಯ್ಡುರವರ ಹೆಸರನ್ನು ಕೇಳಿರುವುದು ಅಪೂರ್ವ. ಕಾಸರಗೋಡೂ ಕೊಯಮುತ್ತೂರೂ 1956ರ ವರೆಗೆ ಒಂದೇ ಮದರಾಸು ಆಡಳಿತಕ್ಕೆ ಸೇರಿದ್ದುವು. ಆದುದರಿಂದ ನಾಯ್ಡುರವರು ನಮ್ಮ ಅಜ್ಜಂದಿರ ಕಾಲದ ನೆರೆಕರೆಯವರೇ ಎನ್ನಬಹುದು.

ಶಾಲೆಗೆ ಒಗ್ಗದ ಹುಡುಗ

ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡ ಈ ಹುಡುಗನಿಗೆ ಶಾಲೆಯೆಂದರೆ ಆಗದು. ಪಾಠ ಹೇಳುವ ಗುರುಗಳ ಮೇಲೆ ಮಣ್ಣೆರಚಿ ಓಡಿದನೆಂಬ ಕಥೆ ಆ ಸೀಮೆಯಲ್ಲಿ ಪ್ರಸಿದ್ಧವಾಗಿದೆ. ಮೂರನೆಯ ತರಗತಿಗೆ ವಿದ್ಯಾಭ್ಯಾಸ ಮುಗಿಯಿತು. ದಿನವೂ ಕೈಯಲ್ಲಿ ಸೀಮೆಸುಣ್ಣ ಹಿಡಿಯುವ ನಮಗೆ ಈ ಕಥೆಯನ್ನು ಹೇಳಲು ಸ್ವಲ್ಪ ಮುಜುಗರವೇ. ಇದನ್ನು ಕೇಳಿದ ಮಕ್ಕಳು ಮಣ್ಣನ್ನಷ್ಟೇ ನೆನಪಿಟ್ಟುಕೊಂಡು ಉಳಿದುದನ್ನು ಮರೆತರೆ ಕಷ್ಟ. ಉಳಿದುದು ಏನೆಂದರೆ, ಶಾಲೆ ಬಿಟ್ಟ ಆ ಹುಡುಗ ಕಲಿಯುವುದನ್ನು ಬಿಡಲಿಲ್ಲ. ತಂದೆಯ ಹೊಲದಲ್ಲಿ ದುಡಿಯುತ್ತ, ಕೈಗೆ ಸಿಕ್ಕಿದ ಪುಸ್ತಕಗಳನ್ನು ತನ್ನಷ್ಟಕ್ಕೆ ಓದಿಕೊಂಡ.

ಇಪ್ಪತ್ತರ ಹರೆಯದಲ್ಲಿ ಅವನ ಬಾಳು ತಿರುಗಿತು. ಕಂದಾಯ ಇಲಾಖೆಯ ಒಬ್ಬ ಇಂಗ್ಲಿಷ್ ಅಧಿಕಾರಿ ರಡ್ಜ್ ಕಂಪೆನಿಯ ಮೋಟಾರು ಸೈಕಲಿನಲ್ಲಿ ಆ ಕಡೆ ಬಂದಿದ್ದರು. 1912ರ ಮಾದರಿ. ಎತ್ತಿಲ್ಲ, ಕುದುರೆಯಿಲ್ಲ, ತಾನಾಗಿಯೇ ಓಡುವ ಬಂಡಿ! ಹಳ್ಳಿಯ ಉಳಿದವರು ನೋಡಿ ಬೆರಗಾಗಿ ಸುಮ್ಮನಾದರು. ಈ ಯುವಕನಿಗೆ ಮಾತ್ರ ಅದು ಹೇಗೆ ಓಡುತ್ತದೆಂದು ತಿಳಿಯದೆ ನಿದ್ದೆ ಬರಲಿಲ್ಲ. ಹಳ್ಳಿ ಬಿಟ್ಟು ಕೊಯಮುತ್ತೂರಿಗೆ ಹೋಗಿ, ಹೋಟೆಲಿನಲ್ಲಿ ಎಲೆಯ ಮುಂದೆ ಬಡಿಸುವ ಕೆಲಸಕ್ಕೆ ಸೇರಿದ. ಸುಮಾರು ಮೂರು ವರ್ಷ ದುಡಿದು ಕೂಡಿಸಿದ ಹಣದಿಂದ ಮೋಟಾರು ಸೈಕಲನ್ನು ಕೊಂಡುಕೊಂಡ. ಕೊಂಡ ಬಳಿಕ ಸವಾರಿ ಮಾಡಿ ಮೆರೆಯುವುದಕ್ಕಿಂತ ಮೊದಲು ಅದನ್ನು ತುಂಡು ತುಂಡಾಗಿ ಬಿಚ್ಚಿ ಹರಡಿದ. ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ. ಯಾವ ಭಾಗ ಯಾವುದಕ್ಕಾಗಿ ಇದೆ, ಒಂದು ಕೆಟ್ಟರೆ ಇನ್ನೊಂದಕ್ಕೆ ಏನಾಗುತ್ತದೆ ಎಂಬುದನ್ನು ಬೆರಳುಗಳಿಂದಲೇ ಕಲಿತ. ಅವನ ಪಾಲಿನ ಹೈಸ್ಕೂಲೂ ಕಾಲೇಜೂ ಅದೇ.

ಆ ಮೇಲೆ ಅವರು ತಿರುಪ್ಪೂರಿನ ಕಡೆ ಹತ್ತಿಯ ಉದ್ಯಮಕ್ಕೆ ಕೈಹಾಕಿದರು. ಮೊದಲನೆಯ ಮಹಾಯುದ್ಧದ ಕಾಲ. ಹತ್ತಿಗೆ ಬೆಲೆ ಬಂದಿತ್ತು. ಒಳ್ಳೆಯ ಲಾಭವೇ ಆಯಿತು. ಆ ಹಣದೊಂದಿಗೆ ಮುಂಬಯಿಯ ಹತ್ತಿ ಮಾರುಕಟ್ಟೆಗೆ ಹೋದರು. ಅಲ್ಲಿ ಕಳೆದುಕೊಂಡು ಬರಿಗೈಯಲ್ಲಿ ಮರಳಿದರು.

ಪೊಳ್ಳಾಚಿಯಿಂದ ಪಳನಿಗೆ

ಕೊಯಮುತ್ತೂರಿನಲ್ಲಿ ಆಗ ರಾಬರ್ಟ್ ಸ್ಟೇನ್ಸ್ ಎಂಬ ಇಂಗ್ಲಿಷ್ ಉದ್ಯಮಿಗಳು ಇದ್ದರು. ಕಾಫಿ, ಗಿರಣಿ, ಶಾಲೆ ಎಂದು ಆ ಊರಿನ ಬೆಳವಣಿಗೆಗೆ ಬಹಳ ದುಡಿದವರು. ಸೋತು ಬಂದ ಈ ಯುವಕನಲ್ಲಿ ಅವರು ಏನೋ ಒಂದನ್ನು ಕಂಡರು. ಅವರು ಕೊಟ್ಟ ನೆರವಿನಿಂದ ನಾಯ್ಡುರವರು ಒಂದು ಮೋಟಾರು ಬಸ್ಸನ್ನು ಕೊಂಡರು. 1920ರಲ್ಲಿ ಪೊಳ್ಳಾಚಿಗೂ ಪಳನಿಗೂ ನಡುವೆ ಆ ಬಸ್ಸು ಓಡತೊಡಗಿತು. ಚಾಲಕರು ಬೇರೆ ಯಾರೂ ಅಲ್ಲ, ಸ್ವತಃ ನಾಯ್ಡುರವರೇ.

ಪೊಳ್ಳಾಚಿಯಿಂದ ಉಡುಮಲಪೇಟೆಯ ಮೂಲಕ ಪಳನಿಗೆ ಸುಮಾರು ನಲವತ್ತು ಮೈಲಿನ ಹಾದಿ. ಪಳನಿ ಸುಬ್ರಹ್ಮಣ್ಯನ ಕ್ಷೇತ್ರ. ತೈಪೂಯಂ, ಪಂಗುನಿ ಉತ್ತಿರದ ದಿನಗಳಲ್ಲಿ ಕಾವಡಿ ಹೊತ್ತ ಜನರ ಸಾಗರವೇ ಹರಿಯುತ್ತದೆ. ಅಂದಿನ ಮಣ್ಣಿನ ದಾರಿ, ಬೇಸಗೆಯ ಬಿಸಿಲು, ಎತ್ತಿನ ಗಾಡಿಗಳ ಸಾಲು, ಅದರ ನಡುವೆ ಜನ ತುಂಬಿದ ಒಂದು ಬಸ್ಸು. ಇಂಥ ದಾರಿಯಲ್ಲಿ ಬಸ್ಸು ನಡುದಾರಿಯಲ್ಲಿ ನಿಂತರೆ ಅದರ ಧಣಿಗೆ ನಷ್ಟ ಎರಡು ಬಗೆಯದು. ಅಂದಿನ ಸಂಪಾದನೆ ಹೋಯಿತು. ಮರುದಿನ ಜನರು ಮತ್ತೆ ಎತ್ತಿನ ಗಾಡಿಯನ್ನೇ ಹತ್ತಿದರು! ಬಸ್ಸೆಂಬುದು ಜನರಿಗೆ ಹೊಸದಾಗಿದ್ದಾಗ ಅದರ ಮೇಲಿನ ನಂಬಿಕೆಯೇ ದೊಡ್ಡ ಬಂಡವಾಳ. ನಮ್ಮ ಕಡೆಯ ಹಿರಿಯರಿಗೆ ಸಿ.ಪಿ.ಸಿ. ಬಸ್ಸು, ಶಂಕರ ವಿಟ್ಠಲ ಬಸ್ಸು ಎಂದರೆ ಈ ಮಾತು ಹೆಚ್ಚು ವಿವರಿಸದೆ ಅರ್ಥವಾದೀತು.

ಅಂದಿನ ಮೋಟಾರುಗಳನ್ನು ನಡುದಾರಿಯಲ್ಲಿ ನಿಲ್ಲಿಸುತ್ತಿದ್ದ ಮುಖ್ಯ ರೋಗಗಳಲ್ಲಿ ಒಂದು ಇಂಜಿನು ಕಾಯುವುದು. ನಾಯ್ಡುರವರ ಜೀವನವನ್ನು ಹೇಳುವಾಗ ಈ ರೋಗದ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕೆಂದು ನಮಗೆ ಅನಿಸುತ್ತದೆ. ಮೂರನೆಯ ತರಗತಿಯ ವಿದ್ಯೆಯ ಮನುಷ್ಯನೊಬ್ಬ ಬಸ್ಸಿನ ಧಣಿಯಾಗಿ ಬದುಕಬೇಕಾದರೆ ಎಂಥ ಬುದ್ಧಿ ಬೇಕಾಗಿತ್ತು ಎಂಬುದು ಆಗ ಮಾತ್ರ ತಿಳಿಯುತ್ತದೆ.

ಇಂಜಿನು ಏಕೆ ಕಾಯುತ್ತದೆ?

ಪೆಟ್ರೋಲು ಇಂಜಿನಿನ ಒಳಗೆ ಉರಿಯುತ್ತದೆ. ಆ ಉರಿಯ ಶಾಖವೆಲ್ಲ ಚಕ್ರ ತಿರುಗಿಸಲು ಬಳಕೆಯಾಗುವುದಿಲ್ಲ. ಹಳೆಯ ಇಂಜಿನುಗಳಲ್ಲಿ ಸುಮಾರು ಕಾಲು ಭಾಗವೋ ಅದಕ್ಕಿಂತ ಕಡಿಮೆಯೋ ಕೆಲಸಕ್ಕೆ ಬರುತ್ತದೆ. ಇನ್ನೊಂದು ದೊಡ್ಡ ಪಾಲು ಹೊಗೆಯೊಂದಿಗೆ ಹೊರಗೆ ಹೋಗುತ್ತದೆ. ಉಳಿದುದು ಇಂಜಿನಿನ ಮೈಯನ್ನೇ ಕಾಯಿಸುತ್ತದೆ. ಈ ಶಾಖವನ್ನು ಹೊರಗೆ ಹಾಕದಿದ್ದರೆ ಎಣ್ಣೆ ಸುಡುತ್ತದೆ, ಪಿಸ್ಟನು ಕಚ್ಚಿಕೊಳ್ಳುತ್ತದೆ. ಆದುದರಿಂದ ಇಂಜಿನಿನ ಸುತ್ತ ನೀರು ಹರಿಯುತ್ತದೆ. ಆ ನೀರು ಕಾದು ಮುಂದಿನ ರೇಡಿಯೇಟರಿಗೆ ಬರುತ್ತದೆ. ಅಲ್ಲಿನ ಸಣ್ಣ ಕೊಳವೆಗಳಲ್ಲಿ ಗಾಳಿಗೆ ತಣಿದು ಮತ್ತೆ ಇಂಜಿನಿಗೆ ಹೋಗುತ್ತದೆ.

1908ರಿಂದ 1927ರ ವರೆಗೆ ತಯಾರಾದ ಫೋರ್ಡ್ ಟಿ ಮಾದರಿಯ ಹೆಚ್ಚಿನ ಕಾರುಗಳಲ್ಲಿ ನೀರನ್ನು ತಳ್ಳುವ ಪಂಪು ಕೂಡ ಇರಲಿಲ್ಲ. ಕಾದ ನೀರು ಹಗುರವಾಗಿ ಮೇಲಕ್ಕೇರುತ್ತದೆ, ತಣಿದ ನೀರು ಭಾರವಾಗಿ ಕೆಳಗಿಳಿಯುತ್ತದೆ. ಆರನೆಯ ತರಗತಿಯಲ್ಲಿ ನಾವು ಪಾತ್ರೆಯ ನೀರಿಗೆ ಮರದ ಹುಡಿ ಹಾಕಿ ತೋರಿಸುವ ಅದೇ ತತ್ತ್ವ. ಇದರಲ್ಲಿ ಒಂದು ಸೂಕ್ಷ್ಮವಿದೆ. ರೇಡಿಯೇಟರಿನ ನೀರು ಮೇಲಿನ ಕೊಳವೆಯ ಬಾಯಿಗಿಂತ ಕೆಳಗಿಳಿದರೆ ಹರಿವೇ ನಿಂತುಹೋಗುತ್ತದೆ. ಮುಕ್ಕಾಲು ಪಾಲು ನೀರಿದೆಯಲ್ಲ ಎಂದು ಸಮಾಧಾನಪಟ್ಟುಕೊಂಡ ಚಾಲಕನ ಇಂಜಿನು ಅರ್ಧ ದಾರಿಯಲ್ಲಿ ಕುದಿಯತೊಡಗುವುದು ಇದಕ್ಕಾಗಿಯೇ.

ಇನ್ನು ಊರಿನ ಗುಣಗಳು. ಕೊಂಗು ಸೀಮೆಯ ಬಾವಿಗಳದ್ದು ಬಹುಮಟ್ಟಿಗೆ ಗಡಸು ನೀರು. ಅಂಥ ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹೊಪ್ಪಳೆ ಕಟ್ಟುವಂತೆ ಇಂಜಿನಿನ ಒಳಗೂ ಕಟ್ಟುತ್ತದೆ. ಆ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ. ನಮ್ಮ ಕರಾವಳಿಯ ಮುರಕಲ್ಲಿನ ಬಾವಿಯ ನೀರು ಮೆದು. ಇಲ್ಲಿ ಹೊಪ್ಪಳೆಯ ಕಾಟ ಕಡಿಮೆ, ತುಕ್ಕಿನ ಕಾಟ ಹೆಚ್ಚು. ಅಲ್ಲಿ ಬಯಲಿನ ಧೂಳು, ಹತ್ತಿಯ ಕಾಲದಲ್ಲಿ ಗಾಳಿಗೆ ಹಾರುವ ಎಳೆಗಳು, ಹುಳುಗಳು ರೇಡಿಯೇಟರಿನ ಸಂದುಗಳಲ್ಲಿ ಸಿಕ್ಕಿಕೊಂಡು ಗಾಳಿಯನ್ನು ತಡೆಯುತ್ತವೆ. ಘಾಟಿ ಹತ್ತಿದರೆ ಇನ್ನೊಂದು ತೊಡಕು. ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತದೆ. ಸಮುದ್ರ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಊಟಿಯ ಎತ್ತರದಲ್ಲಿ ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಈಗಿನ ಕಾರುಗಳ ರೇಡಿಯೇಟರು ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು ನೀರು ಬೇಗ ಕುದಿಯದಂತೆ ತಡೆಯುತ್ತದೆ. ಅಂದಿನ ಮುಚ್ಚಳಕ್ಕೆ ಆ ಗುಣವಿರಲಿಲ್ಲ.

ರೋಗವನ್ನು ಹುಡುಕುವ ಕ್ರಮ

ಕಾದ ಇಂಜಿನನ್ನು ಕಂಡೊಡನೆ ಅವಸರದವನು ರೇಡಿಯೇಟರಿನ ಮುಚ್ಚಳ ತೆರೆದು ಮುಖ ಸುಟ್ಟುಕೊಳ್ಳುತ್ತಾನೆ. ಇನ್ನೂ ಅವಸರದವನು ಕೊಡದ ತಣ್ಣೀರನ್ನು ಸುರಿದು, ಕಾದ ಎರಕದ ಕಬ್ಬಿಣವನ್ನು ಬಿರಿಸಿ ಇಂಜಿನನ್ನೇ ಕಳೆದುಕೊಳ್ಳುತ್ತಾನೆ. ಬಲ್ಲವನು ಇಂಜಿನು ನಿಲ್ಲಿಸಿ, ಮರದ ನೆರಳಿನಲ್ಲಿ ಕುಳಿತು, ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತಾನೆ. ಇದು ಕಾದದ್ದು ಯಾವಾಗ?

ಪೇಟೆಯ ಗದ್ದಲದಲ್ಲಿ ನಿಂತು ನಿಂತು ಹೋಗುವಾಗ ಕಾದು, ಬಯಲಿನಲ್ಲಿ ಓಡುವಾಗ ತಣಿಯುತ್ತದೆಯಾದರೆ ದೋಷ ಗಾಳಿಯಲ್ಲಿದೆ. ಫ್ಯಾನಿನ ಬೆಲ್ಟು ಸಡಿಲವಾಗಿರಬೇಕು, ಇಲ್ಲವೆ ರೇಡಿಯೇಟರಿನ ಸಂದುಗಳು ಮುಚ್ಚಿರಬೇಕು. ನಿಂತಾಗ ಸರಿಯಾಗಿದ್ದು ಏರು ಹತ್ತುವಾಗ ಅಥವಾ ವೇಗವಾಗಿ ಓಡುವಾಗ ಕಾಯುತ್ತದೆಯಾದರೆ ದೋಷ ಹೆಚ್ಚಾಗಿ ನೀರಿನ ಹರಿವಿನಲ್ಲಿದೆ. ಒಳಗೆ ಹೊಪ್ಪಳೆ ಕಟ್ಟಿರಬಹುದು, ಹಳೆಯ ರಬ್ಬರು ಕೊಳವೆ ಒಳಗಿಂದೊಳಗೆ ಕುಗ್ಗಿ ಮುಚ್ಚಿಕೊಂಡಿರಬಹುದು. ರೇಡಿಯೇಟರಿನ ಮೈಯನ್ನು ಅಂಗೈಯಿಂದ ಜಾಗರೂಕತೆಯಲ್ಲಿ ಮುಟ್ಟಿ ನೋಡಿದರೆ ತಣ್ಣಗಿರುವ ಜಾಗವೇ ನೀರು ಹರಿಯದ ಜಾಗ. ಹೊರಟ ಐದೇ ನಿಮಿಷದಲ್ಲಿ ಕುದಿದರೆ, ನೀರಿನ ದಾರಿಯನ್ನು ಕಾಯುವ ಥರ್ಮೋಸ್ಟಾಟು ಇರುವ ವಾಹನಗಳಲ್ಲಿ ಅದು ಮುಚ್ಚಿ ಕಚ್ಚಿಕೊಂಡಿರಬೇಕು. ಇಲ್ಲವೆ ಇಂಜಿನಿನ ತಲೆಯ ಕೆಳಗಿನ ಗ್ಯಾಸ್ಕೆಟು ಒಡೆದಿರಬೇಕು. ಗ್ಯಾಸ್ಕೆಟು ಒಡೆದದ್ದಕ್ಕೆ ಬೇರೆ ಸಾಕ್ಷಿಗಳೂ ಇವೆ. ರೇಡಿಯೇಟರಿನ ನೀರಿನಲ್ಲಿ ಗುಳ್ಳೆಗಳು ಏಳುತ್ತವೆ, ಹೊಗೆಯ ಕೊಳವೆಯಲ್ಲಿ ಬಿಳಿಯ ಹಬೆ ಕಾಣುತ್ತದೆ, ಇಂಜಿನಿನ ಎಣ್ಣೆ ನೀರು ಕೂಡಿ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ.

ನೀರು, ಗಾಳಿ ಎರಡೂ ಸರಿಯಿದ್ದು ಇಂಜಿನು ಕಾದರೆ ಆಗ ಬೆಂಕಿಯನ್ನು ನೋಡಬೇಕು. ಹಳೆಯ ಕಾರುಗಳಲ್ಲಿ ಕಿಡಿ ಹಾರುವ ಹೊತ್ತನ್ನು ಚಾಲಕನೇ ಸ್ಟಿಯರಿಂಗಿನ ಬಳಿಯ ಒಂದು ಕಡ್ಡಿಯಿಂದ ಹಿಂದೆ ಮುಂದೆ ಮಾಡಬೇಕಾಗಿತ್ತು. ಕಿಡಿ ತಡವಾದರೆ ಪೆಟ್ರೋಲು ಹೊತ್ತು ಮೀರಿ ಉರಿದು ಇಂಜಿನನ್ನು ಕಾಯಿಸುತ್ತದೆ. ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿ ಬೆರೆತರೂ ಹಾಗೆಯೇ. ಕೊನೆಗೆ ಬ್ರೇಕು ಕಚ್ಚಿಕೊಂಡಿದ್ದರೆ, ಇಂಜಿನು ಬಡಪಾಯಿ, ತನ್ನ ತಪ್ಪಿಲ್ಲದೆ ದುಡಿದು ದುಡಿದು ಕಾಯುತ್ತದೆ. ಇದನ್ನೆಲ್ಲ ನೋಡುವ ಮೊದಲು ಶಾಖ ತೋರಿಸುವ ಮೀಟರೇ ಸುಳ್ಳು ಹೇಳುತ್ತಿಲ್ಲವಷ್ಟೆ ಎಂದು ವಿಚಾರಿಸಿಕೊಳ್ಳುವುದೂ ಜಾಣತನ.

ಜಾಲ್ಸೂರು, ಸಂಪಾಜೆಯ ಮೂಲಕ ಮಡಿಕೇರಿ ಘಾಟಿಯನ್ನು ಅಂಬಾಸಡರು ಕಾರಿನಲ್ಲಿ ಹತ್ತಿದ ಚಾಲಕರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ಇದೆಲ್ಲ ಕರತಲಾಮಲಕ. ಒಂದೊಂದಾಗಿ ಪರೀಕ್ಷಿಸಿ, ಅಲ್ಲದ್ದನ್ನು ಬಿಡುತ್ತ, ಉಳಿದದ್ದನ್ನು ಹಿಡಿಯುವುದು. ಮಗ್ಗದ ಮುಂದೆ ಕುಳಿತ ನೇಕಾರ ಕಡಿದ ಎಳೆಯನ್ನು ಹುಡುಕುವುದೂ ಹೀಗೆಯೇ, ನಾಡಿ ಹಿಡಿದ ವೈದ್ಯ ರೋಗವನ್ನು ಹುಡುಕುವುದೂ ಹೀಗೆಯೇ. ಪ್ರಯೋಗಶಾಲೆಯಲ್ಲಿ ಇದಕ್ಕೆ ವೈಜ್ಞಾನಿಕ ವಿಧಾನ ಎಂಬ ಹೆಸರಿದೆ. ಗ್ಯಾರೇಜಿನಲ್ಲಿ ಹೆಸರಿಲ್ಲ, ಅಷ್ಟೇ ವ್ಯತ್ಯಾಸ.

ಬಸ್ಸಿನಿಂದ ಕಾರ್ಖಾನೆಗೆ

ಒಂದು ಬಸ್ಸು ಹಲವು ಬಸ್ಸುಗಳಾದುವು. ಯುನಿವರ್ಸಲ್ ಮೋಟಾರ್ ಸರ್ವಿಸ್, ಅಂದರೆ ಯು.ಎಂ.ಎಸ್. ಎಂಬ ಹೆಸರಿನಲ್ಲಿ ನಾಯ್ಡುರವರ ಸಂಸ್ಥೆ ಕೆಲವೇ ವರ್ಷಗಳಲ್ಲಿ ದೇಶದ ಅತ್ಯಂತ ವ್ಯವಸ್ಥಿತವಾದ ಬಸ್ಸು ಸಂಸ್ಥೆಗಳಲ್ಲಿ ಒಂದೆನಿಸಿಕೊಂಡಿತು. ಪೊಳ್ಳಾಚಿ, ಉಡುಮಲಪೇಟೆಗಳ ಸುತ್ತಿನ ಊರುಗಳು ಗಡಿಯಾರ ನೋಡಿ ಪ್ರಯಾಣ ಮಾಡಲು ಕಲಿತದ್ದರಲ್ಲಿ ಇಂಥ ಸಂಸ್ಥೆಗಳ ಪಾಲು ದೊಡ್ಡದು.

ಬಸ್ಸು ರಿಪೇರಿ ಮಾಡುವ ಕೈ ಅಷ್ಟರಲ್ಲೇ ನಿಲ್ಲಲಿಲ್ಲ. 1937ರಲ್ಲಿ ಡಿ. ಬಾಲಸುಂದರಂ ನಾಯ್ಡು ಎಂಬ ಇನ್ನೊಬ್ಬ ಪ್ರತಿಭಾವಂತರೊಂದಿಗೆ ಕೂಡಿ ವಿದ್ಯುತ್ ಮೋಟಾರನ್ನು ತಯಾರಿಸಿದರು. ನಮ್ಮ ದೇಶದಲ್ಲೇ ತಯಾರಾದ ಮೊದಲ ವಿದ್ಯುತ್ ಮೋಟಾರು ಇದೆಂದು ಪ್ರಸಿದ್ಧಿ. ಇಂದು ಕೊಯಮುತ್ತೂರೆಂದರೆ ಪಂಪುಸೆಟ್ಟಿನ ಊರು. ನಮ್ಮ ಅಡಿಕೆ ತೋಟಗಳಿಗೆ ನೀರೆತ್ತುವ ಎಷ್ಟೋ ಪಂಪುಗಳ ಮೇಲೆ ಆ ಊರಿನ ಹೆಸರಿದೆ. ತೋಟಕ್ಕೆ ಹೋದಾಗ ಓದುಗರು ಒಮ್ಮೆ ನೋಡಬಹುದು.

ಜರ್ಮನಿ, ಇಂಗ್ಲೆಂಡ್, ಅಮೆರಿಕಗಳನ್ನು ಸುತ್ತಿ ಬಂದರು. ಟಾರ್ಚಿನ ಬ್ಯಾಟರಿಯಂಥ ಒಣ ಕೋಶಗಳಿಂದ ಓಡುವ ಪುಟ್ಟ ಮೋಟಾರಿನ ಕ್ಷೌರದ ರೇಜರನ್ನು ರೂಪಿಸಿದರು. ರಸಾಂಟ್ ಎಂಬ ಹೆಸರಿನಲ್ಲಿ ಅದು ಜರ್ಮನಿಯಲ್ಲಿ ತಯಾರಾಯಿತು. ಬಹಳ ತೆಳುವಾದ ಬ್ಲೇಡು, ಹಣ್ಣಿನ ರಸ ತೆಗೆಯುವ ಯಂತ್ರ, ಸೀಮೆಎಣ್ಣೆಯಿಂದ ತಿರುಗುವ ಫ್ಯಾನು, ಕ್ಯಾಮರಾದಲ್ಲಿ ದೂರವನ್ನು ಹೊಂದಿಸುವ ಸಾಧನ ಹೀಗೆ ಪಟ್ಟಿ ಬೆಳೆಯುತ್ತದೆ. ಕ್ಯಾಮರಾದ ಹುಚ್ಚೂ ಅವರಿಗಿತ್ತು. 1936ರಲ್ಲಿ ಲಂಡನಿನಲ್ಲಿ ಐದನೆಯ ಜಾರ್ಜ್ ದೊರೆಯ ಶವಯಾತ್ರೆಯನ್ನು ಚಲಚ್ಚಿತ್ರದಲ್ಲಿ ಸೆರೆಹಿಡಿದು ತಂದರು. ಪ್ರಾಂತದ ಚುನಾವಣೆಗೆ ಸ್ವತಂತ್ರರಾಗಿ ನಿಂತು ಸೋತದ್ದೂ ಉಂಟು. ಮೋಸಕ್ಕೆ ಎಡೆಯಿಲ್ಲದ ಮತ ದಾಖಲೆಯ ಯಂತ್ರವೊಂದನ್ನೂ ಅವರು ರಚಿಸಿದ್ದರು. ಭಾರತದಲ್ಲಿ ವಿದ್ಯುನ್ಮಾನ ಮತಯಂತ್ರವನ್ನು ಮೊದಲ ಬಾರಿ ಬಳಸಿದ್ದು ನಮ್ಮ ಕೇರಳದ ಪರವೂರಿನಲ್ಲಿ, 1982ರಲ್ಲಿ. ಆಗ ನಾಯ್ಡುರವರು ತೀರಿಹೋಗಿ ಎಂಟು ವರ್ಷಗಳಾಗಿದ್ದುವು.

ಹೊಲದ ಮಗನಾದ ಅವರು ಬೇಸಾಯವನ್ನೂ ಬಿಡಲಿಲ್ಲ. ಹತ್ತು ಅಡಿ ಎತ್ತರಕ್ಕೆ ಬೆಳೆಯುವ ಹತ್ತಿಯ ಗಿಡಗಳನ್ನೂ ಹೊಸ ಬಗೆಯ ಪಪ್ಪಾಯಿಯನ್ನೂ ಬೆಳೆಸಿ ತೋರಿಸಿದರು. ಸರ್ ಸಿ.ವಿ. ರಾಮನ್‌ರಂಥ ವಿಜ್ಞಾನಿ ಈ ಮೂರನೆಯ ತರಗತಿಯ ಮನುಷ್ಯನನ್ನು ಮನಸಾರೆ ಮೆಚ್ಚಿಕೊಂಡಿದ್ದರು.

ಸಿಗದ ಪರವಾನಿಗೆ

ಗೆಲವುಗಳ ಪಟ್ಟಿ ಮಾಡಿ ಮುಗಿಸಿದರೆ ಚರಿತ್ರೆ ಅರ್ಧವೇ ಆಗುತ್ತದೆ. ನಾಯ್ಡುರವರ ಮನಸ್ಸಿನಲ್ಲಿ ಸದಾ ಇದ್ದದ್ದು ಬಡವನ ಕೈಗೆ ಎಟಕುವ ಬೆಲೆ. 1941ರಲ್ಲಿ ಐದು ವಾಲ್ವುಗಳ ರೇಡಿಯೋವನ್ನು ಕೇವಲ 70 ರೂಪಾಯಿಗೆ ಮಾಡಿಕೊಡಬಲ್ಲೆನೆಂದು ಸಾರಿದರು. 1952ರಲ್ಲಿ ಇಬ್ಬರು ಕೂರಬಹುದಾದ ಪೆಟ್ರೋಲು ಕಾರನ್ನು 2000 ರೂಪಾಯಿಗೆ ಸಿಗುವಂತೆ ತಯಾರಿಸಿ ತೋರಿಸಿದರು. ಆದರೆ ಅದನ್ನು ತಯಾರಿಸಿ ಮಾರಲು ಸರಕಾರ ಪರವಾನಿಗೆ ಕೊಡಲಿಲ್ಲ. ಕೆಲಸ ಅಲ್ಲಿಗೇ ನಿಂತಿತು. ಮಧ್ಯಮ ವರ್ಗದವರ ಕಾರೆಂದು ಹೆಸರಾದ ಮಾರುತಿ 800 ಬೀದಿಗಿಳಿದದ್ದು 1983ರ ಕೊನೆಗೆ. ನಡುವೆ ಮೂವತ್ತೊಂದು ವರ್ಷಗಳು.

ಹಳೆಯ ಇಂಜಿನು ಕಾದರೆ ಕಾರಣ ಹುಡುಕಬಹುದು. ಬೆಲ್ಟು ಬಿಗಿ ಮಾಡಬಹುದು, ಕೊಳವೆ ಬದಲಿಸಬಹುದು. ಕಚೇರಿಯ ಕಡತ ಎಲ್ಲಿ ಕಚ್ಚಿಕೊಂಡಿತೆಂದು ಹುಡುಕುವ ವಿದ್ಯೆ ನಾಯ್ಡುರವರಂಥವರಿಗೂ ಒಲಿಯಲಿಲ್ಲ. ಆ ಪುಟ್ಟ ಕಾರು ಬೀದಿಯಲ್ಲಿ ಓಡಿದ್ದರೆ ಎಷ್ಟು ಬಾಳುತ್ತಿತ್ತು ಎಂಬ ಚರ್ಚೆ ಬೇರೆ. ಓಡಿ ನೋಡಲು ಅವಕಾಶವೇ ಸಿಗಲಿಲ್ಲ ಎಂಬುದು ದುಃಖದ ಸಂಗತಿ.

ಎರಡು ವರ್ಷವೋ, ನಾಲ್ಕು ವರ್ಷವೋ?

ನಮ್ಮಂಥ ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದ ಅಧ್ಯಾಯ ಇನ್ನೊಂದಿದೆ. ಮಣ್ಣೆರಚಿ ಶಾಲೆ ಬಿಟ್ಟ ಹುಡುಗ ಮುಂದೆ ಶಾಲೆ ಕಟ್ಟಿದ! 1945ರಲ್ಲಿ ನಾಯ್ಡುರವರ ಉದಾರ ನೆರವಿನಿಂದ ಕೊಯಮುತ್ತೂರಿನಲ್ಲಿ ತಾಂತ್ರಿಕ ವಿದ್ಯಾಲಯ ಆರಂಭವಾಯಿತು. ಅಂದಿನ ಮದರಾಸು ಗವರ್ನರರಾದ ಸರ್ ಆರ್ಥರ್ ಹೋಪ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಕೊಯಮುತ್ತೂರಿನ ಇಂದಿನ ಸರಕಾರಿ ತಂತ್ರಜ್ಞಾನ ಕಾಲೇಜಿನ ಮೂಲ ಅದೇ. ಅದರ ಮೊದಲ ಪ್ರಾಂಶುಪಾಲರಾಗಿ ನಾಯ್ಡುರವರೇ ಕುಳಿತರು.

ಆದರೆ ಅವರ ಅಭಿಪ್ರಾಯ ಬೇರೆಯೇ ಇತ್ತು. ಇಂಜಿನಿಯರಿಂಗ್ ಕಲಿಯಲು ನಾಲ್ಕು ವರ್ಷ ಬೇಕಾಗಿಲ್ಲ, ಕೈಯಿಂದ ಮಾಡಿಸಿ ಕಲಿಸಿದರೆ ಎರಡು ವರ್ಷ ಸಾಕು ಎಂಬುದು ಅವರ ನಂಬಿಕೆ. ಉಳಿದ ಎರಡು ವರ್ಷ ಬಡವರ ಮಕ್ಕಳು ದುಡಿಯಬಹುದಲ್ಲ ಎಂದು ನಾವು ಅದನ್ನು ಅರ್ಥ ಮಾಡಿಕೊಳ್ಳಬಹುದು. ಸರಕಾರ ಒಪ್ಪಲಿಲ್ಲ. ನಾಯ್ಡುರವರು ಪದವಿಗೆ ಅಂಟಿಕೊಳ್ಳದೆ ರಾಜೀನಾಮೆ ಕೊಟ್ಟು ಹೊರಬಂದರು.

ಇದರಲ್ಲಿ ಯಾರದು ಸರಿ? ಸೇತುವೆ ಕಟ್ಟುವವನಿಗೆ ಗಣಿತ ಬೇಕು, ಗಣಿತಕ್ಕೆ ಕಾಲ ಬೇಕು. ಎರಡು ವರ್ಷದಲ್ಲಿ ಎಲ್ಲವನ್ನೂ ತುಂಬಲಾಗದು ಎಂಬ ವಾದದಲ್ಲಿ ಹುರುಳಿದೆ. ನಾಯ್ಡುರವರಂಥ ಪ್ರತಿಭೆಯಿರುವವರಿಗೆ ಶಾಲೆ ಬೇಡವಾದರೂ ಸಾಮಾನ್ಯರಿಗೆ ಬೇಕೇ ಬೇಕು ಎಂಬುದೂ ನಿಜ. ಆದರೆ ಇಂಜಿನಿನ ಚಿತ್ರವನ್ನು ಅಂದವಾಗಿ ಬರೆದು, ಭಾಗಗಳಿಗೆ ಹೆಸರು ಕೊಟ್ಟು, ಹತ್ತಕ್ಕೆ ಹತ್ತು ಅಂಕ ಪಡೆದ ವಿದ್ಯಾರ್ಥಿ ಕುದಿಯುವ ಇಂಜಿನಿನ ಮುಂದೆ ಕಣ್ಣು ಬಾಯಿ ಬಿಟ್ಟು ನಿಲ್ಲುವುದನ್ನೂ ನಾವು ಕಾಣುತ್ತೇವೆ. ಅವನ ನೆರೆಯ ಹುಡುಗ, ಎಸ್.ಎಸ್.ಎಲ್.ಸಿ.ಯಲ್ಲಿ ಜಾರಿದವನು, ಕೊಳವೆಯನ್ನು ಬೆರಳಿನಿಂದ ಒತ್ತಿ ನೋಡಿ ದೋಷ ಇಲ್ಲಿದೆ ಎನ್ನುತ್ತಾನೆ. ಮೊದಲನೆಯವನು ಬುದ್ಧಿವಂತನೆಂದೂ ಎರಡನೆಯವನು ದಡ್ಡನೆಂದೂ ಬರೆದ ಪ್ರಗತಿಪತ್ರಕ್ಕೆ ಸಹಿ ಹಾಕುವವರು ನಾವೇ ಅಲ್ಲವೆ? ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಒಬ್ಬರಿಂದ ಇನ್ನೊಬ್ಬರಿಗೆ ಕಲಿಸುವ ಉಪಾಯ ಕಂಡುಕೊಳ್ಳುವುದು ನಮ್ಮ ಹೊಣೆ.

ಗಡಿನಾಡಿನಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. ಕನ್ನಡದಲ್ಲಿ ಕಲಿತರೆ ಮುಂದೇನು ಎಂಬ ಪ್ರಶ್ನೆಯನ್ನು ನಮ್ಮ ಹೆತ್ತವರು ಪ್ರತಿ ವರ್ಷ ಶಾಲೆಗೆ ಸೇರಿಸುವ ಕಾಲದಲ್ಲಿ ಕೇಳುತ್ತಾರೆ. ಅದು ಹೊಟ್ಟೆಯ ಪ್ರಶ್ನೆ. ಭಾಷಾಭಿಮಾನದ ಭಾಷಣದಿಂದ ಅದಕ್ಕೆ ಉತ್ತರ ಸಿಗುವುದಿಲ್ಲ. ತೆಲುಗು ಮನೆಮಾತಿನ ನಾಯ್ಡುರವರು ತಮಿಳುನಾಡಿನಲ್ಲಿ ಬೆಳೆದರು, ಇಂಗ್ಲಿಷರಿಂದ ನೆರವು ಪಡೆದರು, ಜರ್ಮನರೊಂದಿಗೆ ವ್ಯವಹರಿಸಿದರು. ಯಾವ ಭಾಷೆಯ ಸರ್ಟಿಫಿಕೇಟೂ ಅವರಲ್ಲಿರಲಿಲ್ಲ. ಏಕೆ, ಹೇಗೆ ಎಂದು ಕೇಳುವ ಅಭ್ಯಾಸ ಮಾತ್ರ ಇತ್ತು. ಆ ಅಭ್ಯಾಸ ಮಗುವಿಗೆ ಸುಲಭವಾಗಿ ಬರುವುದು ಮನೆಯ ಮಾತಿನಲ್ಲೇ. ತಾಯಿಯೊಡನೆ ಆಡುವ ಮಾತಿನಲ್ಲಿ ಪ್ರಶ್ನೆ ಕೇಳಲು ಕಲಿತ ಮಗು ಮುಂದೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಕೇಳಲು ಅಂಜುವುದಿಲ್ಲ. ಆದುದರಿಂದ ಕನ್ನಡ ಶಾಲೆಗಳಲ್ಲಿ ಉಷ್ಣದ ಪಾಠವನ್ನು ಪುಸ್ತಕದಿಂದ ಓದಿ ಮುಗಿಸದೆ, ಹತ್ತಿರದ ಗ್ಯಾರೇಜಿನಿಂದ ಒಂದು ಹಳೆಯ ರೇಡಿಯೇಟರನ್ನು ತಂದು ಬಿಸಿನೀರು ಸುರಿದು ತೋರಿಸಿದರೆ ಹೆಚ್ಚು ಖರ್ಚಾಗದು. ಎಲ್ಲಿ ಬಿಸಿ, ಎಲ್ಲಿ ತಣ್ಣಗೆ ಎಂದು ಮಕ್ಕಳೇ ಮುಟ್ಟಿ ಹೇಳಲಿ.

ಉಳಿದದ್ದು

1967ರಲ್ಲಿ ನಾಯ್ಡುರವರ ಹೆಸರಿನ ಔದ್ಯೋಗಿಕ ಪ್ರದರ್ಶನ ಕೊಯಮುತ್ತೂರಿನಲ್ಲಿ ಸ್ಥಾಪನೆಯಾಯಿತು. ಯಂತ್ರಗಳು ಹೇಗೆ ನಡೆಯುತ್ತವೆ ಎಂಬುದನ್ನು ಶಾಲಾಮಕ್ಕಳು ನೋಡಿ ತಿಳಿಯುವ ಏರ್ಪಾಡು. 1974ರ ಜನವರಿ 4ರಂದು, ಎಂಬತ್ತರ ಹರೆಯದಲ್ಲಿ ಅವರು ಕಣ್ಣುಮುಚ್ಚಿದರು. ಅವರ ಮನೆತನದವರು 2015ರಲ್ಲಿ ಅದೇ ಊರಿನ ಅವಿನಾಶಿ ರಸ್ತೆಯಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವೊಂದನ್ನು ತೆರೆದಿದ್ದಾರೆ. ಜೀಡೀ ಕಾರ್ ಮ್ಯೂಸಿಯಂ ಎಂದು ಹೆಸರು. ನಮ್ಮ ಶಾಲೆಗಳಿಂದ ಊಟಿಗೆ ಪ್ರವಾಸ ಹೋಗುವ ಬಸ್ಸುಗಳು ಕೊಯಮುತ್ತೂರಿಗೂ ಇಳಿದು ಅರ್ಧ ದಿನ ಅಲ್ಲಿ ಕಳೆದರೆ ಮಕ್ಕಳಿಗೆ ಹೂದೋಟ ನೋಡಿದಷ್ಟೇ ಸಂತೋಷವಾದೀತು, ಪಾಠವೂ ಆದೀತು.

ಹೋದಾಗ ಮಕ್ಕಳು ಕಾರುಗಳ ಹೊಳೆಯುವ ಬಣ್ಣವನ್ನು ನೋಡಿ ಮುಂದೆ ಸರಿಯದಿರಲಿ. ಹಳೆಯ ಕಾರಿನ ಮುಂಭಾಗದಲ್ಲಿ ಜೇನುಗೂಡಿನಂತೆ ಕಾಣುವ ಭಾಗದ ಎದುರು ಅವರನ್ನು ನಿಲ್ಲಿಸಿ, ಇದು ಇಲ್ಲಿ ಏಕಿದೆ ಎಂದು ಅಧ್ಯಾಪಕರು ಕೇಳಲಿ. ಉತ್ತರವನ್ನು ಕೂಡಲೇ ಹೇಳುವುದು ಬೇಡ. ಊರಿಗೆ ಮರಳುವ ದಾರಿ ಉದ್ದವಾಗಿದೆ, ಬಸ್ಸಿನಲ್ಲಿ ಅವರವರೇ ವಾದ ಮಾಡಿಕೊಳ್ಳಲಿ.